ಗಾಂಜಾ ಸಕ್ರಮವಾದರೆ ರಸ್ತೆಬದಿಯ ಹುಲ್ಲು ಹೊಡೆಯುವವರು ಯಾರು?

ಪ್ರಶ್ನೆ: ಅಮೆರಿಕದ ದಕ್ಷಿಣದ ಒಂದು ರಾಜ್ಯದಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ನಮ್ಮ ಕೌಂಟಿಯಲ್ಲಿ (ಜಿಲ್ಲೆಯಂಥ ಆಡಳಿತ ಘಟಕ) ರಸ್ತೆಬದಿಯ ಹುಲ್ಲು ಹೊಡೆಯುವುದು, ಪಾರ್ಕಿನ ಕಸ ಎತ್ತುವುದು, ಕೌಂಟಿಯ ಪೊಲೀಸು, ಜೈಲು ನೋಡಿಕೊಳ್ಳುವ ಶೆರಿಫ್ ಕಚೇರಿಯ ಕಾರು ತೊಳೆಯುವುದು ಎಲ್ಲವೂ ಕೈದಿಗಳದ್ದೇ ಕೆಲಸ. ಈಗ ಗಾಂಜಾ ಕಾನೂನು ಸಡಿಲಿಸುವ ಮಾತು ಎದ್ದಿದೆ. ಕೌಂಟಿ ಸಭೆಯಲ್ಲಿ ಒಬ್ಬರು, ‘ಹಾಗಾದರೆ ಈ ಕೆಲಸಕ್ಕೆಲ್ಲ ಜನ ಎಲ್ಲಿ? ತೆರಿಗೆ ಏರಿಸಬೇಕಾಗುತ್ತೆ’ ಎಂದರು. ಕಾಲೇಜಿಗೆ ಹೋಗುವ ಮಗಳ ವಾದ ಉಲ್ಟಾ: ‘ಬಿಟ್ಟಿ ಆಳು ಸಿಗಲಿ ಅಂತಲೇ ಆ ಕಾನೂನು ಇಟ್ಟುಕೊಂಡಿದ್ದಾರೆ, ಜೈಲಿನ ತುಂಬ ಗಾಂಜಾ ಸೇದಿದವರೇ’ ಅನ್ನುತ್ತಾಳೆ. ಯಾರ ಮಾತು ನಿಜ? ಸಕ್ರಮವಾದರೆ ಒಳಗೆ ಉಳಿದವರಿಗೆ ಕೂಲಿ ಹೆಚ್ಚುತ್ತದೋ, ಕೆಲಸ ಹೆಚ್ಚುತ್ತದೋ? ಮುಂದಿನ ತಿಂಗಳ ಬಜೆಟ್ ಸಭೆಯಲ್ಲಿ ನಾನೂ ಮಾತಾಡಬೇಕೆಂದಿದ್ದೇನೆ. ಏನು ಕೇಳಲಿ?

ಉತ್ತರ: ಸಭೆಯಲ್ಲಿ ಮಾತಾಡಿದವರ ಲೆಕ್ಕ ಅರ್ಧ ಸರಿ, ನಿಮ್ಮ ಮಗಳ ಲೆಕ್ಕವೂ ಅರ್ಧ ಸರಿ. ಇಬ್ಬರೂ ತಪ್ಪುವುದು ಒಂದೇ ಕಡೆ. ಜೈಲಿನಲ್ಲಿ ಎಷ್ಟು ತಲೆಗಳಿವೆ ಎಂದು ಇಬ್ಬರೂ ಎಣಿಸುತ್ತಿದ್ದಾರೆ. ಎಣಿಸಬೇಕಾದದ್ದು ಗೇಟು ದಾಟಿ ಹೊರಗೆ ದುಡಿಯಲು ಅನುಮತಿ ಇರುವ ತಲೆಗಳನ್ನು. ಗಾಂಜಾ ಕಾನೂನು ಬದಲಾದಾಗ ಮೊದಲು ಕರಗುವ ಗುಂಪು ಅದು.

ಮಗಳ ಮಾತಿನಿಂದ ಶುರು ಮಾಡೋಣ. ಅಮೆರಿಕದ ರಾಜ್ಯ ಸೆರೆಮನೆಗಳಲ್ಲಿ ಇರುವವರಲ್ಲಿ ಹತ್ತರಲ್ಲಿ ಆರು ಮಂದಿ ಹಿಂಸೆಯ ಅಪರಾಧಗಳಿಗೆ ಶಿಕ್ಷೆಯಾದವರು. ಎಲ್ಲ ಬಗೆಯ ಮಾದಕ ವಸ್ತುಗಳನ್ನು ಸೇರಿಸಿದರೂ ಆ ಪ್ರಕರಣಗಳ ಪಾಲು ಸುಮಾರು ಶೇ. 13. ಬರೀ ಇಟ್ಟುಕೊಂಡಿದ್ದಕ್ಕೆ ಒಳಗಿರುವವರು ಶೇ. 3–4. ಅದರಲ್ಲೂ ಗಾಂಜಾದ್ದು ಒಂದು ತುಣುಕು ಮಾತ್ರ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸೆರೆಮನೆಗಳಲ್ಲಿ ಮಾದಕ ವಸ್ತುಗಳ ಪಾಲು ಶೇ. 45ರ ಆಸುಪಾಸು ಇದೆ, ನಿಜ. ಆದರೆ ಅಲ್ಲಿ ಮೆಥಾಂಫೆಟಮೀನ್ ಮುಂದಿದೆ, ಗಾಂಜಾ ಹಿಂದೆ ಸರಿದಿದೆ. 2012ರ ಹೊತ್ತಿಗೆ ಗಾಂಜಾ ಸಾಗಾಟಕ್ಕೆ ಫೆಡರಲ್ ನ್ಯಾಯಾಲಯಗಳಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗುತ್ತಿತ್ತು. ಹತ್ತು ವರ್ಷದಲ್ಲಿ ಆ ಸಂಖ್ಯೆ ಸಾವಿರದ ಕೆಳಗೆ ಇಳಿಯಿತು. 2022ರ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಗಾಂಜಾ ಇಟ್ಟುಕೊಂಡ ಫೆಡರಲ್ ಅಪರಾಧಕ್ಕೆ ಕ್ಷಮಾದಾನ ಕೊಟ್ಟಾಗ ಸುಮಾರು 6,500 ಮಂದಿಯ ದಾಖಲೆಗೆ ಅದು ಅನ್ವಯಿಸಿತು. ಬಿಡುಗಡೆಯಾಗಿ ಹೊರಬಂದವರು ಮಾತ್ರ ಒಬ್ಬರೂ ಇಲ್ಲ, ಏಕೆಂದರೆ ಆ ಒಂದೇ ಕಾರಣಕ್ಕೆ ಫೆಡರಲ್ ಸೆರೆಮನೆಯಲ್ಲಿ ಆಗ ಯಾರೂ ಇರಲಿಲ್ಲ.

ಹಾಗಾದರೆ ಗಾಂಜಾ ಪ್ರಕರಣಗಳೆಲ್ಲ ಎಲ್ಲಿ ಹೋಗುತ್ತವೆ? ಕೌಂಟಿ ಜೈಲಿಗೆ, ಪ್ರೊಬೇಷನ್ನಿಗೆ (ಸೆರೆಯ ಬದಲು ಷರತ್ತಿನ ಮೇಲೆ ನಿಗಾದಲ್ಲಿ ಹೊರಗಿರುವುದು), ದಂಡಕ್ಕೆ. 2007ರಲ್ಲಿ ದೇಶದಾದ್ಯಂತ ಸುಮಾರು 8.7 ಲಕ್ಷ ಗಾಂಜಾ ಬಂಧನಗಳಾಗಿದ್ದವು. 2023ರ ಹೊತ್ತಿಗೆ ಅದು 2.2 ಲಕ್ಷಕ್ಕೆ ಬಂತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬರೀ ಇಟ್ಟುಕೊಂಡ ಪ್ರಕರಣಗಳು. ಇವರು ಒಳಗೆ ಹೆಚ್ಚು ದಿನ ಉಳಿಯುವವರಲ್ಲ. ಕೆಲವು ದಿನ, ಕೆಲವು ವಾರ, ಬಹಳವೆಂದರೆ ಕೆಲವು ತಿಂಗಳು. ನೀವು ರಸ್ತೆಬದಿಯಲ್ಲಿ ನೋಡುವ ತಂಡಗಳಿಗೆ ಜನ ಸೇರುವುದು ಹೆಚ್ಚಾಗಿ ಈ ಅಲ್ಪಾವಧಿಯವರಿಂದ, ಮತ್ತು ಬಿಡುಗಡೆ ಹತ್ತಿರವಾದ ರಾಜ್ಯ ಕೈದಿಗಳಿಂದ.

‘ಬಿಟ್ಟಿ ಆಳಿಗಾಗಿಯೇ ಕಾನೂನು’ ಎಂಬುದಕ್ಕೆ ಬರೋಣ. ಅದಕ್ಕೊಂದು ಇತಿಹಾಸವಿದೆ, ಸುಮ್ಮನೆ ತಳ್ಳಿಹಾಕುವಂತಿಲ್ಲ. 1865ರಲ್ಲಿ ಗುಲಾಮಗಿರಿ ರದ್ದು ಮಾಡಿದ, ಅಮೆರಿಕ ಸಂವಿಧಾನದ 13ನೇ ತಿದ್ದುಪಡಿ, ಅಪರಾಧ ಸಾಬೀತಾದವರನ್ನು ಶಿಕ್ಷೆಯಾಗಿ ದುಡಿಸುವುದನ್ನು ಆ ನಿಷೇಧದಿಂದ ಹೊರಗಿಟ್ಟಿತು. ಆ ಸಂದಿಯಲ್ಲೇ ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗಣಿಗೆ, ತೋಟಕ್ಕೆ ಗುತ್ತಿಗೆ ಕೊಟ್ಟವು. ಅಲಬಾಮಾ ಅದನ್ನು ನಿಲ್ಲಿಸಿದ್ದು 1928ರಲ್ಲಿ. ಆದರೆ ಗಾಂಜಾವನ್ನು ಮಾದಕ ವಸ್ತುಗಳ ಅತಿ ಕಠಿಣ ಮೊದಲನೇ ಪಟ್ಟಿಗೆ ಸೇರಿಸಿದ 1970ರ ಕಾನೂನಾಗಲಿ, 100 ಕಿಲೋಗೆ ಕನಿಷ್ಠ 5 ವರ್ಷ, 1,000 ಕಿಲೋಗೆ ಕನಿಷ್ಠ 10 ವರ್ಷ ಎಂದು ಕಟ್ಟಿಹಾಕಿದ 1986ರ ಕಾನೂನಾಗಲಿ ಹುಲ್ಲು ಹೊಡೆಸಲು ಬಂದದ್ದಲ್ಲ. ಕಾನೂನು ಬಂದದ್ದು ಬೇರೆ ಕಾರಣಕ್ಕೆ, ಅದು ಬಂದಮೇಲೆ ಸಿಕ್ಕ ಕೈಗಳಿಗೆ ಕೌಂಟಿಗಳು ಒಗ್ಗಿಕೊಂಡವು. ಹೀಗೆ ಒಗ್ಗಿಕೊಂಡವರು ಸುಧಾರಣೆಗೆ ಅಡ್ಡ ನಿಲ್ಲುವುದುಂಟು. ಅದಕ್ಕೆ ಪಿತೂರಿ ಬೇಕಿಲ್ಲ, ಬಜೆಟ್ಟು ಸಾಕು.

ಖಾಸಗಿ ಕಂಪನಿಗಳ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಖಾಸಗಿ ಸೆರೆಮನೆಗಳಲ್ಲಿ ಇರುವವರು ಒಟ್ಟು ಕೈದಿಗಳಲ್ಲಿ ಶೇ. 8ರಷ್ಟು. ಮಾದಕ ವಸ್ತು ಕಾನೂನು ಸಡಿಲವಾದರೆ ತಮ್ಮ ವ್ಯಾಪಾರ ಕುಗ್ಗಬಹುದೆಂದು ಅಂಥ ದೊಡ್ಡ ಕಂಪನಿಯೊಂದು, ಈಗ ಕೋರ್‌ಸಿವಿಕ್ ಎಂಬ ಹೆಸರಿನದು, ತನ್ನ ಹೂಡಿಕೆದಾರರಿಗೆ ಕೊಟ್ಟ ವಾರ್ಷಿಕ ವರದಿಯಲ್ಲೇ ಬರೆದುಕೊಂಡಿತ್ತು. ಆದರೆ ಆ ವ್ಯಾಪಾರ ಹಾಸಿಗೆಯ ಬಾಡಿಗೆಯದು, ದುಡಿಮೆಯದಲ್ಲ. ಹೊರಗಿನ ಖಾಸಗಿ ಕಂಪನಿಗಾಗಿ ಸಾಮಾನು ತಯಾರಿಸಿ ರಾಜ್ಯದಾಚೆ ಮಾರುವ 1979ರ ಯೋಜನೆಯಲ್ಲಿ ದುಡಿಯುವವರು ದೇಶಕ್ಕೆಲ್ಲ ಸೇರಿ ಐದು ಸಾವಿರದ ಆಸುಪಾಸು. ಅವರಿಗೆ ಆ ಊರಿನ ಚಾಲ್ತಿ ಕೂಲಿ ಕೊಡಬೇಕೆಂಬ ನಿಯಮವಿದೆ, ಅದರಲ್ಲಿ ಶೇ. 80ರವರೆಗೆ ಕಡಿತ ಮಾಡಲೂ ಅವಕಾಶವಿದೆ.

ದುಡಿಮೆಯ ದೊಡ್ಡ ಪಾಲು ಇರುವುದು ಸೆರೆಮನೆಯ ಒಳಗೇ. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಕಾನೂನು ಶಾಲೆ 2022ರಲ್ಲಿ ಹೊರತಂದ ವರದಿಯ ಪ್ರಕಾರ, ರಾಜ್ಯ ಮತ್ತು ಫೆಡರಲ್ ಸೆರೆಮನೆಗಳ ಸುಮಾರು 12 ಲಕ್ಷ ಮಂದಿಯಲ್ಲಿ 8 ಲಕ್ಷ ಮಂದಿ ದುಡಿಯುತ್ತಾರೆ. ಐವರಲ್ಲಿ ನಾಲ್ವರದು ಅಡುಗೆ, ಬಟ್ಟೆ ಒಗೆಯುವುದು, ನೆಲ ಒರೆಸುವುದು, ರಿಪೇರಿ, ಅಂದರೆ ಸೆರೆಮನೆಯನ್ನೇ ನಡೆಸುವ ಕೆಲಸ. ಸರಾಸರಿ ಕೂಲಿ ಗಂಟೆಗೆ 13ರಿಂದ 52 ಸೆಂಟ್. ಅಲಬಾಮಾ, ಅರ್ಕಾನ್ಸಾ, ಫ್ಲಾರಿಡಾ, ಜಾರ್ಜಿಯಾ, ಮಿಸಿಸಿಪ್ಪಿ, ದಕ್ಷಿಣ ಕ್ಯಾರೊಲೈನಾ, ಟೆಕ್ಸಸ್ ಈ ಏಳರಲ್ಲಿ ಹೆಚ್ಚಿನ ಕೆಲಸಗಳಿಗೆ ಬಿಡಿಗಾಸೂ ಇಲ್ಲ. ನಿಮ್ಮದು ಇವುಗಳಲ್ಲೊಂದಾಗಿದ್ದರೆ ಸಭೆಯಲ್ಲಿ ‘ಕಡಿಮೆ ಕೂಲಿ’ ಅನ್ನಬೇಡಿ, ‘ಕೂಲಿ ಇಲ್ಲ’ ಅನ್ನಿ.

ಒಳಗಿನ ಈ ಕೆಲಸಕ್ಕೆ ಗಾಂಜಾ ಸುಧಾರಣೆಯಿಂದ ಅಷ್ಟೇನೂ ಪೆಟ್ಟಿಲ್ಲ. ಉಣ್ಣುವವರು ಕಡಿಮೆಯಾದರೆ ಬೇಯಿಸಬೇಕಾದ್ದೂ ಕಡಿಮೆ. ಪೆಟ್ಟು ಬೀಳುವುದು ಬೇಲಿಯ ಹೊರಗಿನ ಕೆಲಸಕ್ಕೆ.

ಅದು ಹೇಗೆಂದು ತಿಳಿಯಲು ಸೆರೆಮನೆ ತನ್ನ ಜನರನ್ನು ವಿಂಗಡಿಸುವ ರೀತಿ ಗೊತ್ತಿರಬೇಕು. ಒಳಗೆ ಬಂದವರಿಗೆಲ್ಲ ಅಂಕ ಹಾಕುತ್ತಾರೆ. ಅಪರಾಧದ ಸ್ವರೂಪ, ಉಳಿದ ಶಿಕ್ಷೆಯ ಅವಧಿ, ಹಿಂದೆ ತಪ್ಪಿಸಿಕೊಂಡದ್ದುಂಟೇ, ವಯಸ್ಸು, ಒಳಗಿನ ನಡತೆ, ಇವನ್ನೆಲ್ಲ ಕೂಡಿ ಕಡಿಮೆ ಅಂಕ ಬಂದವರು ಮಿನಿಮಮ್ ಕಸ್ಟಡಿಗೆ ಹೋಗುತ್ತಾರೆ. ಬಂದೂಕಿಲ್ಲದ ಒಬ್ಬ ಮೇಲ್ವಿಚಾರಕನ ಜೊತೆ ಹತ್ತು ಜನರನ್ನು ವ್ಯಾನಿನಲ್ಲಿ ಕೂರಿಸಿ ಹೆದ್ದಾರಿಗೆ ಕಳಿಸಬಹುದಾದವರು ಇವರೇ. ಕೊಲೆ, ಲೈಂಗಿಕ ಅಪರಾಧದವರನ್ನು ಹಾಗೆ ಕಳಿಸುವುದಿಲ್ಲ. ಗಾಂಜಾ ಪ್ರಕರಣದವರು ಸಾಮಾನ್ಯವಾಗಿ ಅಂಕಪಟ್ಟಿಯ ತಳದಲ್ಲಿರುತ್ತಾರೆ: ಹಿಂಸೆ ಇಲ್ಲ, ಅವಧಿ ಚಿಕ್ಕದು, ಓಡಿಹೋದರೆ ನಷ್ಟ ಅವರಿಗೇ ಹೆಚ್ಚು.

ಒಂದು ಲೆಕ್ಕ ಹಾಕೋಣ. ಇದು ಲೆಕ್ಕದ ರೀತಿ ತೋರಿಸಲು ಕಲ್ಪಿಸಿದ ರಾಜ್ಯ, ಯಾವ ನಿಜ ರಾಜ್ಯದ್ದೂ ಅಲ್ಲ. ಒಟ್ಟು ಕೈದಿಗಳು 20,000. ಗಾಂಜಾವೇ ಮುಖ್ಯ ಅಪರಾಧವಾಗಿ ವರ್ಷಕ್ಕೆ 240 ಮಂದಿ ಒಳಬರುತ್ತಾರೆ, ಸರಾಸರಿ 10 ತಿಂಗಳು ಇರುತ್ತಾರೆ. 240ನ್ನು 10ರಿಂದ ಗುಣಿಸಿ 12ರಿಂದ ಭಾಗಿಸಿದರೆ ಯಾವುದೇ ಒಂದು ದಿನ ಒಳಗಿರುವವರು 200, ಅಂದರೆ ಶೇ. 1. ‘ಇಷ್ಟೇನಾ’ ಅನ್ನಿಸುತ್ತದೆ. ಈ 200ರಲ್ಲಿ 150 ಮಂದಿ ಮಿನಿಮಮ್ ಕಸ್ಟಡಿ ಎಂದುಕೊಳ್ಳಿ. ಇಡೀ ರಾಜ್ಯದಲ್ಲಿ ಹೊರಗೆ ಕಳಿಸಬಹುದಾದವರೇ 2,500 ಇದ್ದರೆ ಅದರಲ್ಲಿ ಇವರು ಶೇ. 6. ಹತ್ತು ಜನರ ತಂಡದ ಲೆಕ್ಕದಲ್ಲಿ 15 ತಂಡ. ಆ 15 ತಂಡಗಳೂ ಮೂರ್ನಾಲ್ಕು ಕೌಂಟಿಗಳಲ್ಲೇ ಇದ್ದರೆ ರಾಜ್ಯದ ಶೇ. 1 ಅಲ್ಲಿಯವರ ಪಾಲಿಗೆ ಅರ್ಧಕ್ಕರ್ಧ ಆಳು. ನಿಮ್ಮ ಸಭೆಯಲ್ಲಿ ಕೇಳಿದ ಗಾಬರಿಗೆ ಇಷ್ಟು ಆಧಾರ ಇದ್ದೇ ಇದೆ.

ಈ ಗಾಬರಿ ಬಾಯಿಬಿಟ್ಟು ಹೊರಬಂದ ಸಂದರ್ಭಗಳೂ ಇವೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಸೆರೆಮನೆ ದಟ್ಟಣೆಯ ಮೊಕದ್ದಮೆಯಲ್ಲಿ, ಮಿನಿಮಮ್ ಕಸ್ಟಡಿಯವರಿಗೆಲ್ಲ ಒಂದು ದಿನಕ್ಕೆ ಎರಡು ದಿನದ ಶಿಕ್ಷಾ ರಿಯಾಯಿತಿ ಕೊಟ್ಟರೆ ಕೈದಿಗಳಿಂದ ಕಾಡ್ಗಿಚ್ಚು ಆರಿಸುವ ಶಿಬಿರಗಳಿಗೆ ಜನ ಸಿಗುವುದಿಲ್ಲವೆಂದು ರಾಜ್ಯದ ವಕೀಲರೇ ವಾದಿಸಿದರು. ಆಗ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲರು) ಆಗಿದ್ದ ಕಮಲಾ ಹ್ಯಾರಿಸ್, ತಮ್ಮದೇ ಕಚೇರಿಯ ಆ ವಾದ ಕೇಳಿ ಆಘಾತವಾಯಿತೆಂದು ಹೇಳಬೇಕಾಯಿತು. 2017ರಲ್ಲಿ ಲೂಸಿಯಾನದ ಕ್ಯಾಡೊ ಪ್ಯಾರಿಷ್‌ನ (ಅಲ್ಲಿ ಕೌಂಟಿಗೆ ಆ ಹೆಸರು) ಶೆರಿಫ್ ಸ್ಟೀವ್ ಪ್ರೇಟರ್, ಬಿಡುಗಡೆಯಾಗುವವರಲ್ಲಿ ಕಾರು ತೊಳೆಯುವ, ಆಯಿಲ್ ಬದಲಿಸುವ, ಅಡುಗೆ ಮಾಡುವ ‘ಒಳ್ಳೆಯವರೂ’ ಇದ್ದಾರೆ, ಅವರಿಂದ ನಮಗೆ ಹಣ ಉಳಿಯುತ್ತಿತ್ತು ಎಂದು ಪತ್ರಿಕಾಗೋಷ್ಠಿಯಲ್ಲೇ ಗೊಣಗಿದರು. 2022ರಲ್ಲಿ ಅರಿಜೋನಾದ ಸೆರೆಮನೆ ಇಲಾಖೆಯ ಮುಖ್ಯಸ್ಥರು, ಕೈದಿಗಳ ದುಡಿಮೆ ತೆಗೆದರೆ ಹಲವು ಕೌಂಟಿಗಳಲ್ಲಿ ವ್ಯವಸ್ಥೆ ಕುಸಿಯುತ್ತದೆಂದು ಶಾಸಕರ ಮುಂದೆ ಹೇಳಿದರು. ಇವು ಮೂರೂ ನೇರವಾಗಿ ಗಾಂಜಾದ ಮಾತಲ್ಲ. ಆದರೂ ನಿಮ್ಮ ಸಭೆಯಲ್ಲಿ ಕೇಳಿದ ಧ್ವನಿ ಇದೇ.

ಕ್ಯಾಲಿಫೋರ್ನಿಯಾದ ಬೆಂಕಿ ತಂಡಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಳು ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದು ತಂಡದಲ್ಲಿ ಸುಮಾರು 12ರಿಂದ 17 ಮಂದಿ. ಮುಂದಿನವರು ಚೈನ್‌ಸಾದಿಂದ ಪೊದೆ ಕಡಿಯುತ್ತಾರೆ, ಹಿಂದಿನವರು ಕಡಿದದ್ದನ್ನು ಎಳೆದು ಹಾಕುತ್ತಾರೆ, ಅವರ ಹಿಂದಿನವರು ಗುದ್ದಲಿ, ಕುಂಟೆಗಳಿಂದ ಬರೀ ಮಣ್ಣು ಕಾಣುವ ತನಕ ನೆಲ ಕೆರೆಯುತ್ತಾರೆ. ಬೆಂಕಿಗೆ ಮೇವಿಲ್ಲದ ಪಟ್ಟಿ ಹೀಗೆ ತಯಾರಾಗುತ್ತದೆ. ಒಂದು ಪಾಳಿ 24 ಗಂಟೆ. 2005ರ ಸುಮಾರಿಗೆ ಶಿಬಿರಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಈಗ ಅದರ ಅರ್ಧಕ್ಕಿಂತ ಕಡಿಮೆ. 2020ರಲ್ಲಿ 43 ಶಿಬಿರಗಳ ಪೈಕಿ ಎಂಟನ್ನು ಮುಚ್ಚಬೇಕಾಯಿತು.

ಇದಕ್ಕೆ ಗಾಂಜಾ ಎಷ್ಟು ಕಾರಣ? ತೀರಾ ಸ್ವಲ್ಪ. ಸಣ್ಣ ಅಪರಾಧಿಗಳನ್ನು ರಾಜ್ಯ ಸೆರೆಮನೆಯ ಬದಲು ಕೌಂಟಿಯಲ್ಲೇ ಇರಿಸುವ 2011ರ ಬದಲಾವಣೆ, ಮಾದಕ ವಸ್ತು ಇಟ್ಟುಕೊಂಡದ್ದನ್ನು ಸಣ್ಣ ಅಪರಾಧಕ್ಕೆ ಇಳಿಸಿದ 2014ರ ಪ್ರಸ್ತಾವ 47 (ಮತದಾರರೇ ಮತ ಹಾಕಿ ತಂದ ಕಾನೂನು), ಆಮೇಲೆ ಕೋವಿಡ್ ಬಿಡುಗಡೆಗಳು, ದೊಡ್ಡ ಪೆಟ್ಟು ಕೊಟ್ಟವು ಇವು. ಗಾಂಜಾ ಸಕ್ರಮಗೊಳಿಸಿದ 2016ರ ಪ್ರಸ್ತಾವ 64 ಬರುವ ಹೊತ್ತಿಗೆ ಸಣ್ಣ ಪ್ರಮಾಣದ ಗಾಂಜಾಕ್ಕೆ ಅಲ್ಲಿ ಆಗಲೇ ಬರೀ ದಂಡ ಇತ್ತು. ನಿಮ್ಮ ರಾಜ್ಯ ಇನ್ನೂ ಆ ಮೊದಲ ಮೆಟ್ಟಿಲಲ್ಲೇ ಇದ್ದರೆ ಬದಲಾವಣೆ ಕ್ಯಾಲಿಫೋರ್ನಿಯಾಕ್ಕಿಂತ ಜೋರಾಗಿಯೇ ಕಾಣುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಉಳಿದವರಿಗೆ ಕೂಲಿ ಹೆಚ್ಚುತ್ತದೋ, ಕೆಲಸ ಹೆಚ್ಚುತ್ತದೋ?

ಹೊರಗಿನ ಮಾರುಕಟ್ಟೆಯಲ್ಲಿ ಆಳು ಕಡಿಮೆಯಾದರೆ ಕೂಲಿ ತಾನಾಗಿ ಏರುತ್ತದೆ. ಸೆರೆಮನೆಯಲ್ಲಿ ಹಾಗಲ್ಲ. ಅಲ್ಲಿ ಕೂಲಿ ನಿಗದಿಯಾಗುವುದು ಇಲಾಖೆಯ ಸುತ್ತೋಲೆಯಿಂದ. ಕನಿಷ್ಠ ವೇತನದ 1938ರ ಕಾನೂನು ಸೆರೆಮನೆಯ ದುಡಿಮೆಗೆ ಅನ್ವಯಿಸುವುದಿಲ್ಲವೆಂದೇ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುತ್ತ ಬಂದಿವೆ. ಒಲ್ಲೆ ಅಂದವರಿಗೆ ಶಿಕ್ಷಾ ರಿಯಾಯಿತಿ ಕಡಿತ, ಫೋನು, ಕ್ಯಾಂಟೀನು ಬಂದ್. ಹೀಗಿರುವಾಗ ಕೊರತೆಯ ಮೊದಲ ಪರಿಣಾಮ ಉಳಿದವರ ಮೇಲೆ ಭಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಹೊರತಂಡಕ್ಕೆ ಜನ ಸಾಲದಾಗ ಒಳಗಿನ ಅಡುಗೆ, ಲಾಂಡ್ರಿಯಿಂದ ಎಳೆಯುತ್ತಾರೆ. ಅಡುಗೆಮನೆಯಲ್ಲಿ ಕೈ ಕಡಿಮೆಯಾದ ದಿನ ಬಿಸಿ ಊಟದ ಬದಲು ಚೀಲದಲ್ಲಿ ತಣ್ಣನೆಯ ಸ್ಯಾಂಡ್‌ವಿಚ್ ಬರುತ್ತದೆ. ಅಸಮಾಧಾನ ಅಲ್ಲಿಂದಲೇ ಹೊಗೆಯಾಡುತ್ತದೆ.

ಕೂಲಿ ಏರಿದ್ದೂ ಉಂಟು, ಆದರೆ ರಾಜಕೀಯ ಒತ್ತಡ ಸೇರಿದಾಗ ಮಾತ್ರ. ಕ್ಯಾಲಿಫೋರ್ನಿಯಾ 2024ರಲ್ಲಿ ಸಾಮಾನ್ಯ ಕೆಲಸದ ಕೂಲಿಯನ್ನು ಗಂಟೆಗೆ 8–37 ಸೆಂಟಿನಿಂದ 16–74 ಸೆಂಟಿಗೆ ಏರಿಸಿತು. ಅದರ ಜೊತೆಗೇ ಅನೇಕ ಪೂರ್ಣಾವಧಿ ಕೆಲಸಗಳನ್ನು ಅರ್ಧಾವಧಿ ಮಾಡಿತು. ದರ ದುಪ್ಪಟ್ಟು, ಗಂಟೆ ಅರ್ಧ, ಕೈಗೆ ಬಂದದ್ದು ಮೊದಲಿನಷ್ಟೇ. ಯಾರಾದರೂ ‘ಕೂಲಿ ಏರಿಸಿದ್ದೇವೆ’ ಎಂದರೆ ಗಂಟೆ ಎಷ್ಟು ಉಳಿಯಿತು ಎಂದು ಕೇಳುವುದನ್ನು ಮರೆಯಬೇಡಿ. ಬೆಂಕಿ ತಂಡದವರ ವಿಷಯದಲ್ಲಿ ಏರಿಕೆ ನಿಜವಾದದ್ದು: ದಿನಕ್ಕೆ 5.80ರಿಂದ 10.24 ಡಾಲರ್ ಇದ್ದದ್ದು, ಬೆಂಕಿಯ ಮುಂದೆ ದುಡಿಯುವ ಅವಧಿಗೆ ಗಂಟೆಗೆ 7.25 ಡಾಲರ್ ಕೊಡುವ ಕಾನೂನಿಗೆ 2025ರ ಅಕ್ಟೋಬರಿನಲ್ಲಿ ಸಹಿ ಬಿತ್ತು. ಲಾಸ್ ಏಂಜಲೀಸ್ ಬೆಂಕಿಯ ವರ್ಷ ಅದು, ಇಡೀ ದೇಶ ಅವರನ್ನು ಟೀವಿಯಲ್ಲಿ ನೋಡಿತ್ತು. ಹೆದ್ದಾರಿಯ ಹುಲ್ಲು ಹೊಡೆಯುವವರನ್ನು ಯಾರೂ ಟೀವಿಯಲ್ಲಿ ತೋರಿಸುವುದಿಲ್ಲ.

ಗಾಂಜಾ ಸುಧಾರಣೆ ಎಂದರೆ ಒಂದೇ ಬದಲಾವಣೆಯಲ್ಲ ಎಂಬುದನ್ನೂ ಸಭೆಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಜೈಲು ತೆಗೆದು ದಂಡ ಮಾತ್ರ ಇಟ್ಟರೆ ಕೌಂಟಿ ಜೈಲಿನ ಅಲ್ಪಾವಧಿಯವರು ಕೆಲವೇ ವಾರಗಳಲ್ಲಿ ಕಡಿಮೆಯಾಗುತ್ತಾರೆ. ಲೂಸಿಯಾನದಲ್ಲಿ 2021ರ ಆಗಸ್ಟಿನಿಂದ 14 ಗ್ರಾಂವರೆಗೆ ಗರಿಷ್ಠ 100 ಡಾಲರ್ ದಂಡ ಅಷ್ಟೇ. ಇಲ್ಲೊಂದು ಗುಟ್ಟಿದೆ. ದಂಡ ಕಟ್ಟಲಾಗದವರಿಗೆ ನ್ಯಾಯಾಲಯ ಸಮುದಾಯ ಸೇವೆ ವಿಧಿಸಬಹುದು. ಅದೇ ಪಾರ್ಕು, ಅದೇ ಕಸ, ಕೂಲಿ ಇಲ್ಲ, ಕೇಸರಿ ಜಾಕೆಟ್ಟು ಮಾತ್ರ ಬೇರೆ. ಬಿಟ್ಟಿ ದುಡಿಮೆ ನಿಂತಿತೆಂದು ಸಂತೋಷಪಡುವ ಮೊದಲು ಆ ಪಟ್ಟಿಯನ್ನೂ ನೋಡಿ.

ಪೂರ್ತಿ ಸಕ್ರಮ ಮಾಡಿದರೂ ಹಳೆಯ ಶಿಕ್ಷೆಗಳಿಗೆ ಅನ್ವಯಿಸದಿದ್ದರೆ ಒಳಗಿದ್ದವರು ಒಳಗೇ. ಅವಧಿ ಮುಗಿಸಿ ಒಬ್ಬೊಬ್ಬರೇ ಬರುತ್ತಾರೆ, ಕೌಂಟಿಗೆ ತಯಾರಿಗೆ ವರ್ಷ ಎರಡು ವರ್ಷ ಸಿಗುತ್ತದೆ. ಹಳೆಯವರಿಗೂ ಅನ್ವಯಿಸಿದರೆ ಬದಲಾವಣೆ ಒಮ್ಮೆಲೇ. ಇಲಿನಾಯ್‌ನಲ್ಲಿ 2020ರ ಜನವರಿ 1ಕ್ಕೆ ಸಕ್ರಮವಾಗುವ ಹಿಂದಿನ ದಿನವೇ ಗವರ್ನರ್ 11,017 ಮಂದಿಗೆ ಕ್ಷಮಾದಾನ ಕೊಟ್ಟರು. ಅವು ಸಣ್ಣ ಪ್ರಕರಣಗಳ ಹಳೆಯ ದಾಖಲೆಗಳು, ಸೆರೆಮನೆಯ ಅಡುಗೆಮನೆ ಅದರಿಂದ ಖಾಲಿಯಾಗಲಿಲ್ಲ.

ಇನ್ನು ಫೆಡರಲ್ ಮಟ್ಟದಲ್ಲಿ ಗಾಂಜಾವನ್ನು ಮೊದಲನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರ ಮೇ ತಿಂಗಳಲ್ಲಿ ಬಂತು. ಇದು ಸೆರೆಮನೆಗಳನ್ನು ಖಾಲಿ ಮಾಡುತ್ತದೆಂದು ಅನೇಕರು ನಂಬಿದ್ದಾರೆ. ಮಾಡುವುದಿಲ್ಲ. ನಾನು ಮೇಲೆ ಹೇಳಿದ 100 ಕಿಲೋ, 1,000 ಕಿಲೋಗಳ ಕನಿಷ್ಠ ಶಿಕ್ಷೆ ಪಟ್ಟಿಯ ಅಂಕಿಗೆ ಕಟ್ಟಿದ್ದಲ್ಲ, ಕಾನೂನಿನಲ್ಲಿ ಗಾಂಜಾದ ಹೆಸರು ಹಿಡಿದೇ ಬರೆದದ್ದು. ಸಂಸತ್ತು ಅದನ್ನು ತಿದ್ದುವವರೆಗೆ ಪಟ್ಟಿ ಬದಲಾದರೂ ಆ ಶಿಕ್ಷೆ ಹಾಗೇ ಇರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟುವ, ಆದರೆ ಯಾರೂ ಲೆಕ್ಕಕ್ಕೆ ತರದ ದಾರಿ ಪ್ರೊಬೇಷನ್ ಮತ್ತು ಪರೋಲ್ (ಅವಧಿ ಮುಗಿಯುವ ಮೊದಲೇ ಷರತ್ತಿನ ಬಿಡುಗಡೆ). 2019ರಲ್ಲಿ ರಾಜ್ಯ ಸರ್ಕಾರಗಳ ಮಂಡಳಿ ಪ್ರಕಟಿಸಿದ ಅಧ್ಯಯನದಂತೆ, ರಾಜ್ಯ ಸೆರೆಮನೆಗೆ ಒಳಬರುವವರಲ್ಲಿ ಶೇ. 45 ಮಂದಿ ಬರುವುದು ಪ್ರೊಬೇಷನ್ ಅಥವಾ ಪರೋಲ್ ಮುರಿದದ್ದಕ್ಕೆ. ಒಟ್ಟಿನಲ್ಲಿ ನಾಲ್ಕರಲ್ಲೊಬ್ಬರು ಬರುವುದು ಹೊಸ ಅಪರಾಧಕ್ಕಲ್ಲ, ಭೇಟಿ ತಪ್ಪಿಸಿದ್ದು, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಇಂಥ ನಿಯಮಭಂಗಕ್ಕೆ. ಗಾಂಜಾದ ಕುರುಹು ಮೂತ್ರದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕೊಕೇನ್ ಎರಡು ಮೂರು ದಿನದಲ್ಲಿ ಹೋಗುತ್ತದೆ. ಹಾಗಾಗಿ ಪರೀಕ್ಷೆಯ ಬಲೆಗೆ ಸುಲಭವಾಗಿ ಬೀಳುವವರು ಗಾಂಜಾದವರು. ಹೀಗೆ ಮರಳಿ ಬಂದವರ ದಾಖಲೆಯಲ್ಲಿ ಮೂಲ ಅಪರಾಧ ‘ಕಳ್ಳತನ’ ಎಂದಿರುತ್ತದೆ, ಗಾಂಜಾ ಎಂಬ ಪದವೇ ಇರುವುದಿಲ್ಲ. ಇವರಿಗೆ ಉಳಿದಿರುವುದು ಚಿಕ್ಕ ಅವಧಿ, ಮಿನಿಮಮ್ ಕಸ್ಟಡಿ, ಹೊರತಂಡಕ್ಕೆ ಹೇಳಿಮಾಡಿಸಿದವರು. ಸಕ್ರಮದ ಕಾನೂನಿನಲ್ಲಿ ‘ಗಾಂಜಾ ಪರೀಕ್ಷೆಯೊಂದರಿಂದಲೇ ಪ್ರೊಬೇಷನ್ ರದ್ದು ಮಾಡಬಾರದು’ ಎಂಬ ಒಂದು ಸಾಲು ಇದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಕೌಂಟಿಯ ಆಳಿನ ಲೆಕ್ಕ ಬಹುಪಾಲು ನಿಂತಿದೆ.

ಒಂದು ಚಿಕ್ಕ ವಿಷಯ, ಮಗಳಿಗೆ ಹೇಳಿ. ಹೊರಗೆ ಸಕ್ರಮವಾದರೂ ಒಳಗೆ ಅಕ್ರಮವೇ. ಸೆರೆಮನೆಯಲ್ಲಿ ಗಾಂಜಾ ಇಟ್ಟುಕೊಳ್ಳುವುದು ಪ್ರಸ್ತಾವ 64ರ ನಂತರವೂ ಅಪರಾಧವೇ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಸಿಕ್ಕಿಬಿದ್ದವರ ಅಂಕ ಏರುತ್ತದೆ, ಹೊರಗಿನ ಕೆಲಸ ಹೋಗುತ್ತದೆ.

ಇನ್ನು ತೆರಿಗೆಯ ಪ್ರಶ್ನೆ. ಮತ್ತೆ ಕಲ್ಪಿತ ಅಂಕಿ, ನಿಮ್ಮ ಕೌಂಟಿಯ ಅಂಕಿ ಹಾಕಿ ನೀವೇ ಗುಣಿಸಿ. ಎಂಟು ಜನರ ತಂಡ, ವಾರಕ್ಕೆ 30 ಗಂಟೆ, ವರ್ಷಕ್ಕೆ 50 ವಾರ: 12,000 ಗಂಟೆ. ಗಂಟೆಗೆ 15 ಡಾಲರಿನಂತೆ 1,80,000 ಡಾಲರ್. ಸಭೆಯಲ್ಲಿ ಹೆದರಿಸಲು ಬಳಸುವ ಅಂಕಿ ಇಂಥದ್ದೇ. ಅದರಲ್ಲಿ ಎರಡು ತಪ್ಪುಗಳಿವೆ. ಸಂಬಳದ ಇಬ್ಬರು ಮೂವರು, ಕೂತು ಓಡಿಸುವ ಒಳ್ಳೆಯ ಯಂತ್ರ ಕೊಟ್ಟರೆ, 12,000 ಗಂಟೆ ತೆಗೆದುಕೊಳ್ಳುವುದಿಲ್ಲ. ಬಿಟ್ಟಿ ಆಳು ಇರುವವರೆಗೆ ಯಾರೂ ಯಂತ್ರ ಕೊಳ್ಳುವುದಿಲ್ಲ ಅಷ್ಟೇ. ಎರಡನೆಯದು, ಎಂಟು ಮಂದಿಯನ್ನು ಒಳಗಿಡುವ ಖರ್ಚನ್ನು ಬಿಟ್ಟೇಬಿಟ್ಟಿದ್ದಾರೆ. ತಲೆಗೆ ದಿನಕ್ಕೆ 60 ಡಾಲರ್ ಹಿಡಿದರೆ ವರ್ಷಕ್ಕೆ 1,75,200.

ಹಾಗೆಂದು ನೀವೂ ಎದ್ದು ನಿಂತು ‘ಎರಡೂ ಸರಿಹೋಯಿತು’ ಅನ್ನಬೇಡಿ, ಅಲ್ಲಿ ಸಿಕ್ಕಿಬೀಳುತ್ತೀರಿ. 60 ಎಂಬುದು ಸರಾಸರಿ. ಎಂಟು ಮಂದಿ ಹೋದರೆಂದು ಕಾವಲುಗಾರರ ಸಂಬಳ ನಿಲ್ಲುವುದಿಲ್ಲ, ಕರೆಂಟು ಬಿಲ್ಲು ಇಳಿಯುವುದಿಲ್ಲ. ಉಳಿಯುವುದು ಊಟ, ಔಷಧ, ಬಟ್ಟೆ. ಅದು ದಿನಕ್ಕೆ 15 ಡಾಲರ್ ಎಂದುಕೊಂಡರೆ ವರ್ಷಕ್ಕೆ 43,800. ಇಡೀ ಒಂದು ವಿಭಾಗ ಮುಚ್ಚುವಷ್ಟು ಜನ ಕಡಿಮೆಯಾದಾಗ ಮಾತ್ರ ದೊಡ್ಡ ಉಳಿತಾಯ. ಇನ್ನೊಂದು ತೊಡಕು, ಖರ್ಚು ಯಾರ ತಲೆಗೆ ಎಂಬುದು. ಜಾರ್ಜಿಯಾದ ಕೌಂಟಿ ಸೆರೆಮನೆಗಳಲ್ಲಿ ರಾಜ್ಯದ ಕೈದಿಗಳನ್ನು ಇರಿಸಿಕೊಂಡದ್ದಕ್ಕೆ ರಾಜ್ಯ ದಿನದ ಲೆಕ್ಕದಲ್ಲಿ ಹಣ ಕೊಡುತ್ತದೆ, ದುಡಿಮೆ ಕೌಂಟಿಗೆ. ಲೂಸಿಯಾನದಲ್ಲಿ ರಾಜ್ಯದ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಶೆರಿಫರ ಜೈಲುಗಳಲ್ಲೇ ಇದ್ದಾರೆ, ತಲೆಗೆ ದಿನಕ್ಕೆ 26 ಡಾಲರ್ ಆಸುಪಾಸು. ಅಂಥ ಕಡೆ ಬಿಡುಗಡೆಯಿಂದ ರಾಜ್ಯಕ್ಕೆ ಉಳಿತಾಯ, ಕೌಂಟಿಗೆ ಎರಡು ಕಡೆ ನಷ್ಟ. ನಿಮ್ಮ ಕೌಂಟಿಯ ಆತಂಕ ಸುಳ್ಳಲ್ಲ. ಆದರೆ ಅದನ್ನು ಗಾಂಜಾದ ಮೇಲೆ ಹೊರಿಸುವುದು ಸರಿಯಲ್ಲ.

ಮುಂದಿರುವ ದಾರಿಗಳಲ್ಲಿ ಯಾವುದೂ ಪೂರ್ತಿ ಸಲೀಸಲ್ಲ. ಹೊರಗೆ ಕಳಿಸುವ ಅಂಕದ ಮಿತಿ ಸಡಿಲಿಸಿ ಮೀಡಿಯಂ ಕಸ್ಟಡಿಯವರನ್ನು ಸೇರಿಸುವುದು ಅಧಿಕಾರಿಗಳಿಗೆ ತಕ್ಷಣ ಹೊಳೆಯುವ ಉಪಾಯ. ಆಗ ಹತ್ತು ಜನಕ್ಕೊಬ್ಬ ಮೇಲ್ವಿಚಾರಕ ಸಾಲುವುದಿಲ್ಲ, ಇಬ್ಬರು ಬೇಕು, ಒಬ್ಬರ ಬಳಿ ಬಂದೂಕು ಬೇಕು. ಬಿಟ್ಟಿ ಆಳು ಆಗಲೇ ಬಿಟ್ಟಿಯಾಗಿ ಉಳಿಯುವುದಿಲ್ಲ, ಒಬ್ಬ ತಪ್ಪಿಸಿಕೊಂಡರೆ ಇಡೀ ಯೋಜನೆ ನಿಲ್ಲುತ್ತದೆ. ಎರಡನೆಯದು, ಕೂಲಿ ಕೊಟ್ಟು ಇಷ್ಟಪಟ್ಟವರನ್ನು ಮಾತ್ರ ಕರೆಯುವುದು. ದುಡಿಮೆ ಒಳ್ಳೆಯದಾಗುತ್ತದೆ, ಆದರೆ ಕಡಿತಗಳ ಮಿತಿಯನ್ನು ಬರೆದಿಡದಿದ್ದರೆ ಊಟ ವಸತಿ ಶುಲ್ಕ, ನ್ಯಾಯಾಲಯದ ದಂಡ ಎಂದು ಹಣ ಮರಳಿ ಅದೇ ಕೈಗೆ ಹೋಗುತ್ತದೆ. ಮೂರನೆಯದು, ಹೊರಗಿನವರನ್ನು ನೇಮಿಸುವುದು. ನನ್ನ ಮಟ್ಟಿಗೆ ಇದೇ ಮೇಲು. ಬಿಡುಗಡೆಯಾದವರನ್ನೇ ಸಂಬಳಕ್ಕೆ ತೆಗೆದುಕೊಳ್ಳಬಹುದು, ಕೆಲಸ ಅವರಿಗೆ ಗೊತ್ತು. ಅಡ್ಡಿ ಏನೆಂದರೆ, ಕೈದಿಯಾಗಿ ಓಡಿಸಿದ ಅದೇ ಟ್ರ್ಯಾಕ್ಟರನ್ನು ನೌಕರನಾಗಿ ಓಡಿಸಲು ಹಿನ್ನೆಲೆ ಪರಿಶೀಲನೆಯ ನಿಯಮ ಬಿಡುವುದಿಲ್ಲ. ಆ ನಿಯಮ ಅನೇಕ ಕಡೆ ಕೌಂಟಿಯದ್ದೇ, ಕೌಂಟಿಯೇ ತಿದ್ದಬಹುದು. ಹಣಕ್ಕೆ ಗಾಂಜಾ ತೆರಿಗೆಯ ಒಂದು ಪಾಲು ಕಟ್ಟಿಡಬಹುದು. ಇಲಿನಾಯ್ ಶೇ. 25ನ್ನು ಜೈಲು ಮತ್ತು ಮಾದಕ ವಸ್ತು ಕಾನೂನುಗಳಿಂದ ನಲುಗಿದ ಪ್ರದೇಶಗಳಿಗೆ ಮೀಸಲಿಟ್ಟಿದೆ. ಆದರೆ ಆ ತೆರಿಗೆ ಮೊದಲ ವರ್ಷವೇ ಕೈಗೆ ಬರುವುದಿಲ್ಲ, ಅಂಗಡಿ ಪರವಾನಗಿಗಳೇ ತಡವಾಗುತ್ತವೆ.

13ನೇ ತಿದ್ದುಪಡಿ ಬಿಟ್ಟ ಆ ಸಂದಿಯನ್ನು ರಾಜ್ಯದ ಮಟ್ಟದಲ್ಲಿ ಮುಚ್ಚುವ ದಾರಿಯೂ ಇದೆ. ಕೊಲರಾಡೊ 2018ರಲ್ಲಿ, ನೆಬ್ರಾಸ್ಕಾ ಮತ್ತು ಯೂಟಾ 2020ರಲ್ಲಿ, ಅಲಬಾಮಾ, ಟೆನೆಸಿ, ಆರೆಗಾನ್, ವರ್ಮಾಂಟ್ 2022ರಲ್ಲಿ, ನೆವಾಡಾ 2024ರಲ್ಲಿ ತಮ್ಮ ರಾಜ್ಯ ಸಂವಿಧಾನಗಳನ್ನು ತಿದ್ದಿದವು. ಕ್ಯಾಲಿಫೋರ್ನಿಯಾದ ಮತದಾರರು 2024ರಲ್ಲಿ ಬೇಡವೆಂದರು. ತಿದ್ದಿದ ಕಡೆಯೂ ದುಡಿಮೆ ರಾತ್ರೋರಾತ್ರಿ ಬದಲಾಗಲಿಲ್ಲ. ಕೆಲಸ ಒಲ್ಲೆ ಎಂದವರನ್ನು ದಂಡಿಸುವುದು ‘ಬಲವಂತ’ವೇ ಅಲ್ಲವೇ ಎಂಬ ಜಗಳ ಕೊಲರಾಡೊದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಕೊಲರಾಡೊ ಗಾಂಜಾ ಸಕ್ರಮಗೊಳಿಸಿದ್ದು 2012ರಲ್ಲಿ, ಸಂವಿಧಾನ ತಿದ್ದಿದ್ದು ಆರು ವರ್ಷದ ಮೇಲೆ. ಎರಡೂ ಬೇರೆ ಬೇರೆ ಹೋರಾಟಗಳು ಎಂಬುದಕ್ಕೆ ಇಷ್ಟು ಸಾಕು.

ಸಭೆಗೆ ಹೋಗುವ ಮೊದಲು ಶೆರಿಫ್ ಕಚೇರಿಗೆ ದಾಖಲೆ ಕೋರಿ ಒಂದು ಪತ್ರ ಬರೆಯಿರಿ, ಸಭೆಗೆ ಮೂರು ವಾರ ಇರುವಾಗಲೇ. ಕಳೆದ ಹನ್ನೆರಡು ತಿಂಗಳ ಹೊರತಂಡಗಳ ಹಾಜರಿ ಪಟ್ಟಿ ಕೇಳಿ, ಹೆಸರು ಬೇಡ, ಪ್ರತಿಯೊಬ್ಬರ ಮುಖ್ಯ ಅಪರಾಧ, ಕಸ್ಟಡಿ ಮಟ್ಟ, ರಾಜ್ಯದ ಕೈದಿಯೋ ಕೌಂಟಿಯವರೋ, ಒಳಬಂದದ್ದು ಹೊಸ ಶಿಕ್ಷೆಯಿಂದಲೋ ಪ್ರೊಬೇಷನ್ ರದ್ದಿನಿಂದಲೋ ಎಂಬುದು ಸಾಕು. ಇನ್ನೂ ವಿಚಾರಣೆ ಮುಗಿಯದವರು ಆ ಪಟ್ಟಿಯಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಇದೆಯೇ ಎಂದು ಕೇಳಿ. 13ನೇ ತಿದ್ದುಪಡಿಯ ಸಂದಿ ಶಿಕ್ಷೆಯಾದವರಿಗೆ ಮಾತ್ರ, ಬಂಧಿತರಿಗಲ್ಲ. ವರ್ಮಾಂಟಿನಲ್ಲಿ ವಿಚಾರಣಾಧೀನರೊಬ್ಬರನ್ನು ಸೆರೆಮನೆಯ ಲಾಂಡ್ರಿಯಲ್ಲಿ ಬಲವಂತವಾಗಿ ದುಡಿಸಿದ ಆರೋಪವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತಳ್ಳಿಹಾಕದೆ ಮುಂದುವರಿಯಲು ಬಿಟ್ಟಿತು. ಜೊತೆಗೆ ರಾಜ್ಯ ಮತ್ತು ಕೌಂಟಿಯ ನಡುವಿನ ದುಡಿಮೆ ಒಪ್ಪಂದದ ಪ್ರತಿ ಕೇಳಿ. ಅದರಲ್ಲಿ ಕನಿಷ್ಠ ಎಷ್ಟು ಆಳು ಎಂದು ಬರೆದಿದೆಯೇ, ಒಪ್ಪಂದ ಮುಗಿಯುವ ದಿನಾಂಕ ಯಾವುದು, ಇವೆರಡನ್ನೂ ಗುರುತು ಹಾಕಿಕೊಳ್ಳಿ. ಆ ದಿನಾಂಕ ಹೊಸ ಗಾಂಜಾ ಕಾನೂನು ಜಾರಿಯಾಗುವ ದಿನಕ್ಕಿಂತ ಮೊದಲೇ ಇದ್ದರೆ, ಹುಲ್ಲು ಹೊಡೆಯುವ ಯಂತ್ರದ ಮಾತನ್ನು ಈ ಬಜೆಟ್ಟಿನಲ್ಲೇ ಎತ್ತಬೇಕಾಗುತ್ತದೆ.